ಅಧ್ಯಕ್ಷರ ಭೇಟಿಯ ಸಮಯ

ಹುಲಿಗೆಮ್ಮ ಹೊಸಕೊಡಿಗೆ ಪಟ್ಟಣ ಪಂಚಾಯಿತಿಗೆ ಅಧ್ಯಕ್ಷೆಯಾದದ್ದು ಅವಿರೋಧವಾಗಿ. ವಿರೋಧ ಇರಲಿಲ್ಲ ಅಂತಲ್ಲ. ಹನ್ನೊಂದು ಸದಸ್ಯರಲ್ಲಿ ಹತ್ತು ಮಂದಿಗೆ ಇತ್ತು. ಆದರೆ ಈ ಸಲದ ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲು ಎಂದು ಸರ್ಕಾರದ ಪಟ್ಟಿ ಬಂದಿತ್ತು. ಆ ಪಟ್ಟಿಗೆ ಹೊಂದುವವಳು ಸಭೆಯಲ್ಲಿ ಅವಳೊಬ್ಬಳೇ. ಹತ್ತು ಮಂದಿಯೂ ಮೂರು ದಿನ ಆ ಕಾಗದವನ್ನು ತಿರುವಿ ತಿರುವಿ ನೋಡಿದರು. ಹಿಂಬದಿಯಲ್ಲಿ ಏನೂ ಬರೆದಿರಲಿಲ್ಲ.

ಅಧಿಕಾರ ವಹಿಸಿಕೊಂಡ ದಿನ ಹಾರ ತರಿಸಿದ್ದರು. ಉಪಾಧ್ಯಕ್ಷ ಶಿವಶಂಕರಪ್ಪನವರು ಅದನ್ನು ಅವಳ ಕೊರಳಿಗೆ ಹಾಕಲಿಲ್ಲ. ಮೇಜಿನ ಮೇಲಿಟ್ಟು, "ಹಾಕ್ಕೊಳ್ಳಮ್ಮ, ಎಂತ ನಾಚ್ಕೆ" ಅಂದರು. ಹುಲಿಗೆಮ್ಮ ತನ್ನ ಕೊರಳಿಗೆ ತಾನೇ ಹಾರ ಹಾಕಿಕೊಂಡಳು. ಮರುದಿನ ಪತ್ರಿಕೆಯಲ್ಲಿ ಆ ಫೋಟೊದ ಕೆಳಗೆ 'ಸ್ವಾವಲಂಬನೆಯ ಸಂಕೇತ' ಎಂದು ಬಂತು.

ಅವಳ ಊರು ಕೊಪ್ಪಳದ ಹತ್ತಿರದ ಒಂದು ಹಳ್ಳಿ. ಹದಿನೇಳು ವರ್ಷದ ಹಿಂದೆ ಗುತ್ತಿಗೆದಾರನ ಆಳು ಬಂದು "ಕೊಪ್ಪದಾಗ ಮನಿ ಕಟ್ಟೂ ಕೆಲಸ ಐತಿ, ಬರ್ರಿ" ಅಂದಾಗ, ಪಾಪ, ಬಾಯಲ್ಲಿ ಎಲೆಯಡಿಕೆ ಇತ್ತು, ಒಂದು ಅಕ್ಷರ ನುಂಗಿದ ಅಂದುಕೊಂಡಿದ್ದಳು. ಸಂಜೆ ಮನೆಗೆ ವಾಪಸ್ಸು ಬರಬಹುದು ಎಂದು ಒಲೆಯ ಮೇಲೆ ಬೇಳೆ ಮುಚ್ಚಿಟ್ಟು ಗಂಡ ದುರುಗಪ್ಪನ ಜೊತೆ ಲಾರಿ ಹತ್ತಿದಳು. ಲಾರಿ ಮಾರನೇ ಬೆಳಿಗ್ಗೆ ಇಳಿಸಿದ್ದು ಮಲೆನಾಡಿನಲ್ಲಿ, ಹೊಸಕೊಡಿಗೆಯ ಹತ್ತಿರದ ಕೊಪ್ಪದಲ್ಲಿ. ಹೋದದ್ದು ಒಂದೇ ಅಕ್ಷರ. ಅದರ ಹಿಂದೆ ಊರು, ಬಿಸಿಲು, ಜೋಳದ ರೊಟ್ಟಿ, ಮಾತು, ಎಲ್ಲವೂ ಹೋಗಿತ್ತು.

ಮಾತು ಹೋದದ್ದು ಮೊದಲ ದಿನವೇ ತಿಳಿಯಿತು. ಕೆಲಸ ಕೊಟ್ಟ ಮನೆಯಾಕೆ ಕೇಳಿದರು, "ನಿಂಗೆ ಕನ್ನಡ ಬರ್ತದನಾ?"

"ಈಗ ನಾ ಮಾತಾಡಾಕತ್ತಿದ್ದು ಏನ್ರಿ ಮತ್ತ?"

"ಅದೂ ಕನ್ನಡವೇ ಇರಬಹುದು ಮಾರಾಯ್ತಿ. ನಮ್ಗೆ ತಿಳಿಯೂದಿಲ್ಲ."

ಆರು ವರ್ಷ ಅವಳು ತಲೆಯ ಮೇಲೆ ಗಾರೆ ಹೊತ್ತಳು. ಮಗಳು ಹೊಟ್ಟೆಯಲ್ಲಿದ್ದಾಗ ಏಳು ತಿಂಗಳವರೆಗೂ ಹೊತ್ತಳು. ಸಿಮೆಂಟು ಬೆರಳ ಸಂದಿಗಳನ್ನು ತಿಂದಿತು. ಉಣ್ಣುವಾಗ ಸಾರು ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಆಮೇಲೆ ಒಂದು ದಿನ ಸಾರುವೆಯ ಬೊಂಬು ಮುರಿದು ದುರುಗಪ್ಪ ಎರಡನೇ ಮಹಡಿಯಿಂದ ಬಿದ್ದ. ಬಿದ್ದದ್ದು ಗುಲಾಬಿ ಪಾತಿಯ ಮೇಲೆ. ಮನೆಯ ಯಜಮಾನರಿಗೆ ಬಹಳ ಬೇಸರವಾಯಿತು. ಹದಿನಾಲ್ಕು ಗಿಡ ಹೋಗಿದ್ದವು.

ದುರುಗಪ್ಪನ ಸೊಂಟ ಮತ್ತೆ ನೆಟ್ಟಗಾಗಲಿಲ್ಲ. ಅವನ ಕರಣೆಯನ್ನು ಹುಲಿಗೆಮ್ಮ ಹಿಡಿದಳು. ಗಂಡಸು ಕಟ್ಟಿದ ಗೋಡೆ ನೇರ ಇದೆಯೋ ಇಲ್ಲವೋ ತೂಗುಗುಂಡು ಹೇಳುತ್ತದೆ. ಹೆಂಗಸು ಕಟ್ಟಿದ ಗೋಡೆಗೆ ಊರಿಗೆ ಊರೇ ತೂಗುಗುಂಡಾಗುತ್ತದೆ. ಮೇಸ್ತ್ರಿ ಅಂತ ಅವಳನ್ನು ಯಾರೂ ಕರೆಯಲಿಲ್ಲ. ಮನೆ ಕಟ್ಟಲು ಕೊಡಲಿಲ್ಲ, ಅಂಗಡಿ ಕಟ್ಟಲು ಕೊಡಲಿಲ್ಲ. ಪಾಯಿಖಾನೆ ಕಟ್ಟಲು ಕೊಟ್ಟರು. ಅದು ವಾಲಿದರೂ ಯಾರು ನೋಡುತ್ತಾರೆ?

ಒಂದೂ ವಾಲಲಿಲ್ಲ. ಅಷ್ಟರಲ್ಲಿ ಸರ್ಕಾರಕ್ಕೂ ಪಾಯಿಖಾನೆಯ ಮೇಲೆ ಮನಸ್ಸಾಯಿತು. ಮನೆಗೊಂದು ಕಟ್ಟಿ ಎಂದು ಆಜ್ಞೆ ಬಂತು. ಬೇಗಾರಿನಿಂದ ಹಿರೇಕೊಡಿಗೆಯವರೆಗೆ ಹುಲಿಗೆಮ್ಮ ನೂರ ನಲವತ್ತು ಪಾಯಿಖಾನೆ ಕಟ್ಟಿದಳು. ಗುಂಡಿ ತೋಡಿದಳು, ಜಂಬಿಟ್ಟಿಗೆ ಕಲ್ಲು ಹೊತ್ತಳು, ಪೈಪು ಕೂರಿಸಿದಳು. ಜನ ಅವಳಿಗೆ ಒಂದು ಬಿರುದೂ ಕೊಟ್ಟರು: ಪಾಯಿಖಾನೆ ಹುಲಿಗೆಮ್ಮ.

ಒಂದೇ ಒಂದು ಸಲ ಅವಳಿಗೆ ದೇವರ ಕೋಣೆ ಸಿಕ್ಕಿತು. ಹಿಂದೆ ಅಧ್ಯಕ್ಷರಾಗಿದ್ದ ಯಜ್ಞೇಶರ ಹೊಸ ಮನೆಯ ಮೇಸ್ತ್ರಿ ಅರ್ಧಕ್ಕೇ ಬಿಟ್ಟು ಹೋಗಿದ್ದ. ಗೃಹಪ್ರವೇಶಕ್ಕೆ ಹನ್ನೊಂದು ದಿನ ಉಳಿದಿತ್ತು. ಹುಲಿಗೆಮ್ಮ ದೇವರ ಕೋಣೆಯೊಳಗೆ ಮಂಡಿಯೂರಿ ದೇವರಿಡುವ ಕಟ್ಟೆ ಕಟ್ಟಿದಳು. ಗೃಹಪ್ರವೇಶದ ದಿನ ಅವಳಿಗೆ ಎಲೆ ಹಾಕಿದ್ದು ಕಾರು ನಿಲ್ಲಿಸುವಲ್ಲಿ. ಯಜ್ಞೇಶರು ಬಹಳ ಒಳ್ಳೆಯವರು. ಖುದ್ದಾಗಿ ಬಂದು, "ನಂಗೇನೂ ಇಲ್ಲ ಮಾರಾಯ್ತಿ. ಮನೇಲಿ ಹಿರಿಯರಿದಾರೆ, ಅಷ್ಟೇ" ಅಂದರು. ಪಾಯಸ ಎರಡು ಸಲ ಬಡಿಸಿದರು.

ಊರಿಗೆಲ್ಲ ಪಾಯಿಖಾನೆ ಕಟ್ಟಿದ ಹುಲಿಗೆಮ್ಮನ ಶೆಡ್ಡಿಗೆ ಪಾಯಿಖಾನೆ ಇರಲಿಲ್ಲ. ಪೇಟೆಯ ತುದಿಯ ಕ್ವಾರಿ ಗುಡ್ಡೆಯ ಮೇಲೆ ಮೂವತ್ತೆಂಟು ತಗಡಿನ ಶೆಡ್ಡುಗಳು. ಎಲ್ಲ ಕಲ್ಲು ಒಡೆಯುವವರು, ಗಾರೆಯವರು, ಕೊಪ್ಪಳ ರಾಯಚೂರಿನ ಕಡೆಯವರು. ಅವರ ಹೆಸರು ಮತದಾರರ ಪಟ್ಟಿಯಲ್ಲಿತ್ತು. ನೀರಿನ ಪಟ್ಟಿಯಲ್ಲಿರಲಿಲ್ಲ, ಪಾಯಿಖಾನೆಯ ಪಟ್ಟಿಯಲ್ಲಿರಲಿಲ್ಲ. ಕೇಳಿದರೆ, ಅದು ಕಂದಾಯ ಜಾಗ, ಕಟ್ಟಲು ಬರುವುದಿಲ್ಲ ಅಂದರು. ಇನ್ನೊಮ್ಮೆ ಕೇಳಿದರೆ, ನೀವು ಹೊರಗಿನವರು, ಇವತ್ತಿದ್ದು ನಾಳೆ ಹೋಗುವವರು ಅಂದರು. ಹದಿನೇಳು ವರ್ಷದಿಂದ ಅವರು ನಾಳೆ ಹೋಗುವವರಾಗಿಯೇ ಇದ್ದರು.

ಹಾಗಂತ ಪಂಚಾಯಿತಿ ಏನೂ ಮಾಡಲಿಲ್ಲ ಎಂದರೆ ತಪ್ಪಾಗುತ್ತದೆ. ಗುಡ್ಡೆಯ ಬುಡದಲ್ಲಿ, ಎನ್.ಆರ್.ಪುರದ ರಸ್ತೆಗೆ ಮುಖಮಾಡಿ, ಒಂದು ದೊಡ್ಡ ಬೋರ್ಡು ನಿಲ್ಲಿಸಿತ್ತು. 'ಬಯಲು ಬಹಿರ್ದೆಸೆ ಮುಕ್ತ ಪಟ್ಟಣ ಹೊಸಕೊಡಿಗೆಗೆ ಸ್ವಾಗತ.' ಹನ್ನೆರಡು ಅಡಿ ಅಗಲ, ಎಂಟು ಅಡಿ ಎತ್ತರ. ಕ್ವಾರಿ ಗುಡ್ಡೆಯ ಹೆಂಗಸರು ನಸುಕಿನಲ್ಲಿ ತಂಬಿಗೆ ಹಿಡಿದು ಹೋಗುತ್ತಿದ್ದುದು ಆ ಬೋರ್ಡಿನ ಹಿಂದೆ. ರಸ್ತೆಗೆ ಕಾಣುತ್ತಿರಲಿಲ್ಲ, ತಿರುವಿನಲ್ಲಿ ಲಾರಿಯ ದೀಪ ಬೀಳುವವರೆಗೆ. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ತಂಬಿಗೆ. ಕಾಲಿಗೆ ರಕ್ತ ಹೀರುವ ಉಂಬಳ ಹತ್ತಿದರೆ ಕೀಳಲು ಮೂರನೇ ಕೈ ದೇವರು ಕೊಟ್ಟಿರಲಿಲ್ಲ.

ಮಗಳು ರೇಣುಕಾ ಹದಿಮೂರಕ್ಕೆ ತಾನಾಗಿಯೇ ಹಾಸ್ಟೆಲಿಗೆ ಸೇರುತ್ತೇನೆ ಅಂದಳು. ಓದುವ ಹಂಬಲ ಎಂದು ಮೇಷ್ಟ್ರು ಹೊಗಳಿದರು. ಅವ್ವನಿಗೆ ಮಾತ್ರ ಅವಳು ನಿಜ ಹೇಳಿದಳು: "ಅಲ್ಲಿ ಬಾಗಿಲ ಐತಿ ಬೇ." ರಜೆಗೆ ಶೆಡ್ಡಿಗೆ ಬಂದರೆ ಮಧ್ಯಾಹ್ನದ ಮೇಲೆ ನೀರು ಕುಡಿಯುತ್ತಿರಲಿಲ್ಲ.

ಚುನಾವಣೆ ಬಂದಾಗ ಕ್ವಾರಿ ಗುಡ್ಡೆಯ ವಾರ್ಡು ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲಾಯಿತು. ಶಿವಶಂಕರಪ್ಪನವರು ಪೇಟೆಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟವರು. ಸಾಮಾನು ತರಲು ಹೋಗುತ್ತಿದ್ದ ಹುಲಿಗೆಮ್ಮ ಅಲ್ಲಿ ಎಂದೂ ದನಿ ಎತ್ತಿದವಳಲ್ಲ. ಅವರೇ ಬಂದು, "ನೀನು ಸುಮ್ನೆ ನಿಲ್ಲು. ಉಳಿದದ್ದೆಲ್ಲ ನಾವು ನೋಡ್ಕೊಳ್ತೇವೆ" ಅಂದರು. ಅವಳು ಶೆಡ್ಡುಗಳ ಮುಂದೆ ನಿಂತು ಹೇಳಿದ್ದು ಒಂದೇ ಮಾತು: "ಗೆದ್ರ ಪಾಯಿಖಾನಿ ಕಟ್ಟಿಸ್ತೀನಿ." ಗೆದ್ದಳು.

ಅಧ್ಯಕ್ಷರ ಕೊಠಡಿಯಲ್ಲಿ ಕುಳಿತ ಮೊದಲ ದಿನ ಅವಳು ಮುಖ್ಯಾಧಿಕಾರಿಯನ್ನು ಕೇಳಿದಳು, "ನನ್ನ ಕೆಲಸ ಏನ್ರಿ ಸಾಹೇಬ್ರ?"

"ನೀವು ಆರಾಮಾಗಿ ಕೂತ್ಕೊಳ್ಳಿ ಮೇಡಂ. ನಾವು ತೋರಿಸಿದಲ್ಲಿ ಸಹಿ ಹಾಕಿ."

ಹದಿನೇಳು ವರ್ಷದಲ್ಲಿ ಯಾರೂ ಅವಳಿಗೆ ಕೂತ್ಕೋ ಅಂದಿರಲಿಲ್ಲ. ಕೂತಳು. ಕೊಠಡಿಯ ಮೂಲೆಯಲ್ಲಿ ಒಂದು ಬಾಗಿಲಿತ್ತು. ಅದರ ಹಿಂದೆ ಏನಿದೆ ಎಂದು ಆ ಕಟ್ಟಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ ಕಚೇರಿ ಕಟ್ಟುವಾಗ ಅಲ್ಲಿನ ಟೈಲ್ಸು ಹಾಕಿ ಕಮೋಡು ಕೂರಿಸಿದವಳು ಅವಳೇ. ಆಗ ಹೊಟ್ಟೆ ಹಿಡಿದುಕೊಂಡು ಇಂಜಿನಿಯರರನ್ನು ಕೇಳಿದ್ದಕ್ಕೆ, "ಹಿಂದ್ಗಡೆ ಕಾಫಿ ಗಿಡ ಉಂಟಲ್ಲ" ಅಂದಿದ್ದರು.

ಹುಲಿಗೆಮ್ಮ ಎದ್ದು ಹೋಗಿ ಬಾಗಿಲು ಹಾಕಿಕೊಂಡಳು. ನೂರ ನಲವತ್ತು ಪಾಯಿಖಾನೆ ಕಟ್ಟಿದವಳು ತಾನು ಕಟ್ಟಿದ ಒಂದರಲ್ಲಿ ಮೊದಲ ಸಲ ಕುಳಿತಳು. ಮುಗಿದ ಮೇಲೂ ಸ್ವಲ್ಪ ಹೊತ್ತು ಕುಳಿತೇ ಇದ್ದಳು. ಕೆಮ್ಮಿ ಎಚ್ಚರಿಸಬೇಕಾದವರು ಯಾರೂ ಇರಲಿಲ್ಲ. ಟಾರ್ಚು ಬಿಡುವವರು ಯಾರೂ ಇರಲಿಲ್ಲ. ಅವಳಿಗೆ ಯಾಕೋ ಅಳು ಬಂತು. ಇಂಥ ಜಾಗದಲ್ಲಿ ಕೂತು ಅಳುತ್ತಾರೇನು ಎಂದು ತನ್ನನ್ನೇ ಬೈದುಕೊಂಡು ಎದ್ದಳು.

ಮರುದಿನ ಆ ಬಾಗಿಲಿಗೆ ಬೀಗ ಬಿದ್ದಿತ್ತು. ಮೇಲೆ ಒಂದು ಚೀಟಿ: 'ದುರಸ್ತಿಯಲ್ಲಿದೆ.'

"ಎಂತದೋ ಪೈಪು ಕಟ್ಟಿದೆಯಂತೆ ಮೇಡಂ," ಅಂದರು ಮುಖ್ಯಾಧಿಕಾರಿ. ಕೀಲಿ ಶಿವಶಂಕರಪ್ಪನವರ ಹತ್ತಿರ ಇತ್ತು. ಉಪಾಧ್ಯಕ್ಷರಿಗೆ ಪ್ಲಂಬಿಂಗ್ ಜವಾಬ್ದಾರಿಯೂ ಇದೆ ಎಂದು ಅವತ್ತೇ ಎಲ್ಲರಿಗೂ ತಿಳಿದದ್ದು. ಕಚೇರಿಯಲ್ಲಿ ಇದ್ದ ಇನ್ನೊಂದು ಪಾಯಿಖಾನೆ ಗಂಡಸರದ್ದು.

ಕಂಪ್ಯೂಟರ್ ಆಪರೇಟರ್ ಶ್ರೀವಾಣಿ ಅಡ್ಡಗದ್ದೆಯಿಂದ ಬಸ್ಸಿಗೆ ಬರುವ ಹುಡುಗಿ. ಫೈಲು ತಂದವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅಕ್ಕ, ರಿಪೇರಿ ಎಂತದೂ ಇಲ್ಲ. ನಿನ್ನೆ ನೀವು ಹೋಗಿದ್ದು ನೋಡಿದ್ರು. ಸಂಜೆ ಫಿನಾಯಿಲ್ ಹಾಕ್ಸಿ, ಗಂಜಳ ಚಿಮುಕ್ಸಿ, ಬೀಗ ಹಾಕಿದ್ರು."

"ನೀ ಎಲ್ಲಿ ಹೋಗ್ತಿ ಮತ್ತ?"

"ಮೊದ್ಲು ಇಲ್ಲಿಗೇ ಬರ್ತಿದ್ದೆ. ಈಗ ಸಂಜೆ ಮನೆಗೆ ಹೋದ್ಮೇಲೇ."

ಹುಲಿಗೆಮ್ಮ ಆ ಹುಡುಗಿಯ ಮುಖ ನೋಡಿದಳು. ಬೆಳಿಗ್ಗೆ ಹತ್ತರಿಂದ ಸಂಜೆ ಆರೂವರೆ. ತನ್ನನ್ನು ಶುದ್ಧವಾಗಿ ಹೊರಗಿಡಲು ಹೋಗಿ ಇವಳ ಹೊಟ್ಟೆಗೂ ಬೀಗ ಹಾಕಿದ್ದರು.

ಎರಡು ತಿಂಗಳು ಅವಳು ಆ ಬೀಗದ ಮಾತೆತ್ತಲಿಲ್ಲ. ಹೇಳಿ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ನಸುಕಿಗೆ ಬೋರ್ಡಿನ ಹಿಂದೆ, ಹತ್ತಕ್ಕೆ ಸರ್ಕಾರಿ ಕಾರಿನಲ್ಲಿ. ಕ್ವಾರಿ ಗುಡ್ಡೆಯ ಪಾಯಿಖಾನೆಯ ಮಾತು ಎತ್ತಿದಾಗೆಲ್ಲ ಸಭೆ ಅದನ್ನು 'ಮುಂದಿನ ಸಭೆಗೆ' ದಾಟಿಸುತ್ತಿತ್ತು. ಮುಂದಿನ ಸಭೆ ಎಂಬುದು ಬಹಳ ದೂರದ ಊರು, ಅಲ್ಲಿಗೆ ಬಸ್ಸಿಲ್ಲ.

ಆಗ ಆನೆ ಬಂತು.

ಎನ್.ಆರ್.ಪುರದ ಕಡೆಯ ಕಾಡಿನಿಂದ ಒಂಟಿ ಆನೆ ಇಳಿದು ಬಂದು ಬೋರ್ಡಿನ ಹತ್ತಿರ ಹಲಸಿನ ಮರಕ್ಕೆ ಮೈ ಉಜ್ಜುತ್ತ ನಿಂತಿತ್ತು. ಬೆಳಕು ಹರಿದಿರಲಿಲ್ಲ. ಹುಲಿಗೆಮ್ಮನ ಪಕ್ಕದ ಶೆಡ್ಡಿನ ಬಸವಮ್ಮ ಕೂತಿದ್ದವಳು ತಲೆ ಎತ್ತಿದರೆ ಎದುರಿಗೆ ಆನೆ. ಅರವತ್ತು ದಾಟಿದ ಜೀವ, ನಲವತ್ತು ವರ್ಷ ಕಲ್ಲು ಹೊತ್ತ ಕಾಲು. ಎದ್ದು ಓಡಿ ಚರಂಡಿಗೆ ಬಿದ್ದಳು. ಕಾಲಿನ ಮೂಳೆ ಮುರಿಯಿತು. ಆಸ್ಪತ್ರೆಗೆ ಒಯ್ದಾಗ ಹುಲಿಗೆಮ್ಮನ ಕೈ ಹಿಡಿದು ಹೇಳಿದಳು, "ಆನಿ ಭಾಳ ಮರ್ಯಾದಸ್ತ ಐತೆವ್ವ. ನನ್ನ ನೋಡಿ ಮುಖ ಆ ಕಡೆ ತಿರುಗಿಸ್ಕೊಂತು. ಲಾರಿ ಡ್ರೈವರಗೋಳು ಒಂದಿನ ಹಂಗ ಮಾಡಿಲ್ಲ."

ಮರುದಿನ ಆಟೊದಲ್ಲಿ ಮೈಕು ಕಟ್ಟಿಕೊಂಡು ಸಾರುತ್ತ ಹೋದರು. ಆನೆಯ ಹಾವಳಿ ಇರುವುದರಿಂದ ಸಾರ್ವಜನಿಕರು ಬೆಳಿಗ್ಗೆ ಏಳರವರೆಗೆ ಮನೆಯಿಂದ ಹೊರಗೆ ಬರಬಾರದು. ಏಳಕ್ಕೆ ರಸ್ತೆಯ ತುಂಬ ಶಾಲೆ ಮಕ್ಕಳು, ಬಸ್ಸು, ಹಾಲಿನ ಡೇರಿಗೆ ಹೋಗುವವರು. ಮೂವತ್ತೆಂಟು ಶೆಡ್ಡಿನ ಹೆಂಗಸರು ಆ ಮೈಕಿನ ಮಾತನ್ನು ಬಾಗಿಲಲ್ಲಿ ನಿಂತು ಕೇಳಿದರು. ಯಾರೂ ನಗಲಿಲ್ಲ.

ಅದೇ ವಾರ ಸಾಮಾನ್ಯ ಸಭೆ. ಮೊದಲ ವಿಷಯ: ಪಟ್ಟಣ ಬಯಲು ಬಹಿರ್ದೆಸೆ ಮುಕ್ತ ಎಂಬ ಪ್ರಮಾಣಪತ್ರ ನವೀಕರಣ. ಜಿಲ್ಲೆಯಿಂದ ತಂಡ ಬರುವುದಿತ್ತು. ಅದಕ್ಕೆ ಮೊದಲು ಅಧ್ಯಕ್ಷರ ಸ್ವಯಂಘೋಷಣೆ ಬೇಕು. ಮುಖ್ಯಾಧಿಕಾರಿ ಫೈಲು ಸರಿಸಿ, ಪೆನ್ನಿನ ಮುಚ್ಚಳ ತಾವೇ ತೆಗೆದು ಕೊಟ್ಟರು.

"ಏನ್ ಬರ್ದೈತಿ ಓದವ್ವ ಶ್ರೀವಾಣಿ," ಅಂದಳು ಹುಲಿಗೆಮ್ಮ.

ಅವಳಿಗೆ ಓದು ಬರುತ್ತಿತ್ತು. ಮಗಳ ಹಳೆಯ ಪುಸ್ತಕಗಳಲ್ಲಿ ಕಲಿತಿದ್ದಳು. ಆದರೆ ಇದನ್ನು ಎಲ್ಲರೂ ಕೇಳಬೇಕಿತ್ತು.

ಶ್ರೀವಾಣಿ ಓದಿದಳು. ಹೊಸಕೊಡಿಗೆ ಪಟ್ಟಣದ ವ್ಯಾಪ್ತಿಯಲ್ಲಿ ದಿನದ ಯಾವುದೇ ಸಮಯದಲ್ಲಿ ಯಾವುದೇ ವ್ಯಕ್ತಿ ಬಯಲಿನಲ್ಲಿ ಶೌಚ ಮಾಡುವುದು ಕಂಡುಬರುವುದಿಲ್ಲವೆಂದು ಅಧ್ಯಕ್ಷೆಯಾದ ನಾನು ಈ ಮೂಲಕ ಘೋಷಿಸುತ್ತೇನೆ.

"ಇವತ್ತ ಮುಂಜಾನಿ ಐದೂಮುಕ್ಕಾಲಕ್ಕ ನಾ ಹೋಗಿ ಬಂದೀನಿ," ಅಂದಳು ಹುಲಿಗೆಮ್ಮ. "ಬೋರ್ಡ್ ಹಿಂದ. ಬರ್ಕೊಳ್ರಿ ಸಾಹೇಬ್ರ."

ಶಿವಶಂಕರಪ್ಪನವರು ಮೂಗಿಗೆ ಕರ್ಚೀಫು ಹಿಡಿದರು. "ಛೆ ಛೆ. ಎಂತ ಮಾತಮ್ಮ ಇದು, ಸಭೆಯಲ್ಲಿ?"

"ಮಾತ ಹೊಲಸಾತೇನ್ರಿ? ಮೂವತ್ತೆಂಟು ಮನಿ ಹೆಣ್ಮಕ್ಕಳು ದಿನಾ ಹೋಗೂದು ಹೊಲಸಲ್ಲ?"

"ಇದು ಬರೀ ಫಾರ್ಮಾಲಿಟಿ ಮೇಡಂ," ಅಂದರು ಮುಖ್ಯಾಧಿಕಾರಿ. "ಹಿಂದಿನ ಅಧ್ಯಕ್ಷರೂ ಹಾಕಿದಾರೆ."

"ಅವ್ರು ಬೋರ್ಡ್ ಹಿಂದ ಹೋಗ್ತಿರ್ಲಿಲ್ಲ. ಅವ್ರಿಗೆ ಕಂಡಿರಲಿಕ್ಕಿಲ್ಲ. ನಂಗ ಕಾಣ್ತೈತಿ. ನಾ ಸುಳ್ಳಿಗೆ ಸಹಿ ಹಾಕಾಕಿ ಅಲ್ಲ."

ಈಗ ಸದಸ್ಯರಾಗಿದ್ದ ಯಜ್ಞೇಶರು ಮೆತ್ತಗೆ ಕೆಮ್ಮಿದರು. "ನಂಗೇನೂ ಇಲ್ಲ ಮಾರಾಯ್ತಿ. ಊರಿನ ಮರ್ಯಾದೆ ಪ್ರಶ್ನೆ, ಅಷ್ಟೇ."

"ನನ್ನ ಮರ್ಯಾದಿ ದಿನಾ ರೋಡಿನ ಬಾಜೂಕ ಕುಂದರ್ತೈತ್ರಿ. ಊರಿಂದು ಒಂದಿನ ಕುಂದರ್ಲಿ."

ಪೆನ್ನಿನ ಮುಚ್ಚಳ ಹಾಕಿ ಅವಳು ಫೈಲಿನ ಮೇಲಿಟ್ಟಳು.

ಸಭೆ ಮುಗಿದ ಮೇಲೆ ಶಿವಶಂಕರಪ್ಪನವರು ಕೊಠಡಿಗೆ ಬಂದರು. ಕೂರಲಿಲ್ಲ. "ನೋಡು, ನಿನ್ನನ್ನ ತಂದು ಕೂರಿಸಿದ್ದು ನಾವು. ಹತ್ತು ಜನ ಇದ್ದೇವೆ. ಅವಿಶ್ವಾಸ ತಂದ್ರೆ ನಾಳೆ ಮತ್ತೆ ಗಾರೆ ಬಾಂಡ್ಲಿ ಹೊರ್ಬೇಕಾಗ್ತದೆ."

"ಬಾಂಡ್ಲಿ ಹೊರಾಕ ನಂಗೇನ್ ಹೊಸಾದಲ್ರಿ. ಆದ್ರ ನನ್ನ ಇಳಿಸಿ ಯಾರ್ನ ಕುಂದರಿಸ್ತೀರಿ?"

ಅವಳನ್ನು ಇಳಿಸಲು ಹತ್ತು ಕೈ ಇದ್ದವು. ಆ ಕುರ್ಚಿಯಲ್ಲಿ ಕೂರಲು ಕಾನೂನು ಒಪ್ಪುವ ಮೈ ಆ ಹತ್ತರಲ್ಲಿ ಒಂದೂ ಇರಲಿಲ್ಲ. ಹುಟ್ಟಿದಾಗಿನಿಂದ ಅವಳನ್ನು ಹೊರಗೆ ನಿಲ್ಲಿಸಿದ್ದ ಜಾತಿ, ಈಗ ಮೊದಲ ಸಲ ಅವರನ್ನು ಹೊರಗೆ ನಿಲ್ಲಿಸಿತ್ತು.

ಅವಳನ್ನು ಮುಟ್ಟಲಾಗದಿದ್ದರೆ ಗಂಡನನ್ನು ಮುಟ್ಟಬಹುದು. ದುರುಗಪ್ಪ ಶಿವಶಂಕರಪ್ಪನವರ ಗೋದಾಮಿನಲ್ಲಿ ಕಾವಲಿದ್ದ. ಮರುದಿನವೇ ಬರಬೇಡ ಅಂದರು. ಅವನು ಸೊಂಟ ಎಳೆಯುತ್ತ ಶೆಡ್ಡಿಗೆ ಬಂದು ಹೆಂಡತಿಯ ಎದುರು ಕೂತ.

"ನನ್ನಿಂದ ನಿನ್ನ ಕೆಲಸ ಹೋತು," ಅಂದಳು ಹುಲಿಗೆಮ್ಮ.

"ಹೋಗ್ಲಿ ಬಿಡು. ಅವನ ಸಿಮಿಟು ಯಾರ್ ಕದೀತಾರ? ಅರ್ಧ ಗಡ್ಡಿ ಕಟ್ಟೈತಿ." ಆಮೇಲೆ ಅವನು ಮೂಲೆಯ ಚೀಲದಿಂದ ಸುತ್ತಿಗೆ, ಚಾಣ ತೆಗೆದು ಅವಳ ಮುಂದಿಟ್ಟ. "ಆ ಬಾಗಲ ಚಿಲಕಾ ಕುಂದ್ರಿಸಿದಾಕಿ ನೀನಽ ಅಲ್ಲೇನು? ತಗಿಯಾಕ ಬರೂದಿಲ್ಲೇನು?"

ಮರುದಿನ ಹನ್ನೊಂದು ಗಂಟೆಗೆ, ಕಚೇರಿ ತುಂಬಿರುವಾಗ, ಅಧ್ಯಕ್ಷೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀಗದ ಕೊಂಡಿಗೆ ಚಾಣ ಇಟ್ಟಳು. ಎರಡೇ ಏಟು. ಅವಳ ಕೈಗೆ ಅದು ಕೆಲಸವೇ ಅಲ್ಲ. ಬೀಗವನ್ನು ಎತ್ತಿಕೊಂಡು ಹೋಗಿ ಉಪಾಧ್ಯಕ್ಷರ ಮೇಜಿನ ಮೇಲಿಟ್ಟು, "ರಿಪೇರಿ ಆತ್ರಿ. ನಿಮ್ಮ ಸಾಮಾನು ತಗೋರಿ" ಅಂದಳು.

ಆಮೇಲೆ ಶ್ರೀವಾಣಿಯನ್ನು ಕರೆದು ನೋಟಿಸು ಬರೆಸಿದಳು. 'ಸಾರ್ವಜನಿಕರು ಅಧ್ಯಕ್ಷರನ್ನು ಭೇಟಿಯಾಗುವ ಸಮಯ: ಪ್ರತಿದಿನ ಬೆಳಿಗ್ಗೆ ಐದೂವರೆಯಿಂದ ಎಂಟು. ಮಹಿಳೆಯರಿಗೆ ಮಾತ್ರ.'

"ಅಹವಾಲು ಸ್ವೀಕಾರ ಅಂತ ಹಾಕ್ಲಾ ಅಕ್ಕ?" ಶ್ರೀವಾಣಿಗೆ ಅಷ್ಟರಲ್ಲಿ ಅರ್ಥವಾಗಿತ್ತು.

"ಹಾಕು. ತುರ್ತು ಅಹವಾಲು ಅಂತ ಹಾಕು."

ಪಂಚಾಯಿತಿಯ ಗೇಟಿನ ಕೀಲಿ ನೀರು ಬಿಡುವ ಲೋಕೇಶನ ಹತ್ತಿರ ಇರುತ್ತಿತ್ತು. ಅವನು ಐದಕ್ಕೇ ಪಂಪು ಹಾಕಲು ಬರುವವನು. "ನಂಗೆಂತ ಅಕ್ಕ," ಅಂದ. "ಅಧ್ಯಕ್ಷರು ಗೇಟು ತೆಗಿ ಅಂದ್ರೆ ತೆಗೀತೇನೆ. ಬೇಡ ಅನ್ನೂರು ಐದು ಗಂಟೆಗೆ ಎದ್ದು ಬಂದು ಹೇಳ್ಲಿ."

ಮಾರನೇ ಬೆಳಿಗ್ಗೆ ಐದೂವರೆಗೆ ಕ್ವಾರಿ ಗುಡ್ಡೆಯ ಹೆಂಗಸರು ಪಟ್ಟಣ ಪಂಚಾಯಿತಿಗೆ ಬಂದರು. ಮೊದಲು ಮೆಟ್ಟಿಲಲ್ಲೇ ನಿಂತರು. ಈ ಕಟ್ಟಡಕ್ಕೆ ಕಲ್ಲು ಹೊತ್ತವರೇ ಅವರಲ್ಲಿ ಒಂಬತ್ತು ಜನ ಇದ್ದರು; ನೆಲಕ್ಕೆ ಟೈಲ್ಸು ಬಿದ್ದ ಮೇಲೆ ಒಳಗೆ ಕಾಲಿಟ್ಟಿರಲಿಲ್ಲ. "ಬರ್ರಿ ಒಳಗ," ಅಂದಳು ಹುಲಿಗೆಮ್ಮ. ಬಂದರು. ಸೋಫಾದ ಮೇಲೆ ಕೂತು ಸರದಿ ಕಾದರು. ಬಸವಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಒಳಗೆ ಹೋದ ಒಬ್ಬ ಹುಡುಗಿ ಎಷ್ಟು ಹೊತ್ತಾದರೂ ಬರಲಿಲ್ಲ. ಬಾಗಿಲು ಬಡಿದರೆ, "ಸುಮ್ನ ಕುಂತೀನಿ ಚಿಗವ್ವ, ಇನ್ನೊಂದೀಟು" ಅಂದಳು. ಹುಲಿಗೆಮ್ಮ, "ಕುಂದರ್ಲಿ ಬಿಡ್ರಿ" ಅಂದಳು.

ಬಂದವರೆಲ್ಲ ಭೇಟಿಯ ಪುಸ್ತಕದಲ್ಲಿ ಹೆಸರು ಬರೆಸಿ ಹೆಬ್ಬೆಟ್ಟು ಒತ್ತಿದರು. ಭೇಟಿಯ ಉದ್ದೇಶ: ಅಹವಾಲು. ಅಹವಾಲಿನ ಸ್ಥಿತಿ: ಇತ್ಯರ್ಥವಾಗಿದೆ. ಹೊಸಕೊಡಿಗೆ ಪಂಚಾಯಿತಿಯ ಇತಿಹಾಸದಲ್ಲಿ ಬಂದ ಅಹವಾಲುಗಳೆಲ್ಲ ಅದೇ ದಿನ ಇತ್ಯರ್ಥವಾದದ್ದು ಅದೇ ಮೊದಲು.

ಮೂರನೇ ದಿನ ಶಿವಶಂಕರಪ್ಪನವರು, ಯಜ್ಞೇಶರು ಆರು ಗಂಟೆಗೆ ಬಂದರು. ಜನಸೇವೆಗೆ ಅವರು ಅಷ್ಟು ಬೇಗ ಎದ್ದದ್ದು ಯಾರೂ ಕಂಡಿರಲಿಲ್ಲ. ಬಾಗಿಲಲ್ಲೇ ನಿಂತು ಶಿವಶಂಕರಪ್ಪನವರು ಕೂಗಿದರು, "ಇದು ಕಚೇರಿಯಾ, ಎಂತದಿದು?"

"ಕಚೇರೀನಽ ರೀ. ಸಾರ್ವಜನಿಕ ಕಚೇರಿ."

"ಕೆಲಸಕ್ಕೆ ಹತ್ತು ಗಂಟೆ ಮೇಲೆ ಬರ್ಲಿ!"

"ಅವ್ರ ಕೆಲಸಕ್ಕ ಹತ್ತ ಗಂಟೆತನಕ ತಡಿಯೂದಿಲ್ರಿ."

"ನಂಗೇನೂ ಇಲ್ಲ ಮಾರಾಯ್ತಿ," ಅಂದರು ಯಜ್ಞೇಶರು. "ಆದ್ರೆ ಜನ ಎಂತ ಹೇಳ್ತಾರೆ?"

ಹುಲಿಗೆಮ್ಮ ಸೋಫಾದ ಕಡೆ ಕೈ ತೋರಿಸಿದಳು. "ಜನಾನಽ ಅಲ್ಲೇನ್ರಿ ಇಲ್ಲಿ ಕುಂತಿರೂದು? ಕೇಳ್ರಿ, ಹೇಳ್ತಾರ."

ಸೋಫಾದಲ್ಲಿದ್ದ ಹೆಂಗಸರು ತಂಬಿಗೆ ಮಡಿಲಲ್ಲಿಟ್ಟುಕೊಂಡು ಯಜ್ಞೇಶರನ್ನು ನೋಡಿದರು. ಅವರು ವಾಚು ನೋಡಿಕೊಂಡು ಮೆಟ್ಟಿಲಿಳಿದರು.

ಪೊಲೀಸರಿಗೆ ದೂರು ಹೋಯಿತು. ಬಂದ ಸಬ್‌ಇನ್‌ಸ್ಪೆಕ್ಟರು ಒಳಗೆ ಇಣುಕಿ ನೋಡಿ, ಅಪರಾಧ ಏನೆಂದು ಬರೆಯಲಿ ಎಂದು ಕೇಳಿದರು. ಪಾಯಿಖಾನೆಯನ್ನು ಪಾಯಿಖಾನೆಯಾಗಿ ಬಳಸಿದ್ದಾರೆ ಎನ್ನುವುದಕ್ಕೆ ಅವರಿಗೆ ಸೆಕ್ಷನ್ ಸಿಗಲಿಲ್ಲ. ಯಾರೋ ಅವಳ ಜಾತಿ ಪ್ರಮಾಣಪತ್ರವನ್ನು ಕೆದಕಲು ಕೊಪ್ಪಳದವರೆಗೆ ಹೋಗಿ ಬಂದರು. ಅಲ್ಲಿಯೂ ಅವಳು ಹೊರಗೇ ನಿಂತವಳು ಎಂಬುದಕ್ಕೆ ಬೇಕಾದಷ್ಟು ಸಾಕ್ಷಿ ಸಿಕ್ಕಿತು.

ಹದಿನೇಳು ವರ್ಷ ಸಿಗದ ಜಾಗ ನಾಲ್ಕು ದಿನದಲ್ಲಿ ಸಿಕ್ಕಿತು. ಕ್ವಾರಿ ಗುಡ್ಡೆಯ ಆ ಮೂಲೆ ಕಂದಾಯ ಜಾಗವೇ ಅಲ್ಲವಂತೆ, ಪಂಚಾಯಿತಿಗೇ ಸೇರಿದ್ದಂತೆ, ಯಾರೂ ಕಡತ ನೋಡಿರಲಿಲ್ಲವಂತೆ. ಪಂಚಾಯಿತಿಯ ಸೋಫಾ ಬಿಡಿಸಿಕೊಳ್ಳಲು ಹತ್ತು ಮಂದಿ ಸದಸ್ಯರು ಒಂದೇ ಉಸಿರಿಗೆ ಕೈ ಎತ್ತಿದರು. ಬಡವರ ಬಗ್ಗೆ ಅಂಥ ಒಗ್ಗಟ್ಟು ಹಿಂದೆ ಇರಲಿಲ್ಲ. ಗುತ್ತಿಗೆ ಶಿವಶಂಕರಪ್ಪನವರ ಭಾವಮೈದುನನಿಗೆ ಹೋಯಿತು. ಒಗ್ಗಟ್ಟಿಗೆ ಅದೂ ಒಂದು ಕಾರಣ ಇರಬಹುದು.

ಹುಲಿಗೆಮ್ಮ ದಿನಾ ಸಂಜೆ ತೂಗುಗುಂಡು ಹಿಡಿದು ಹೋಗುತ್ತಿದ್ದಳು. ಎಂಟನೇ ದಿನ ಒಂದು ಗೋಡೆ ಎರಡು ಬೆರಳು ವಾಲಿತ್ತು. ಒದ್ದು ಬೀಳಿಸಿದಳು. ಭಾವಮೈದುನ, "ಪಾಯಿಖಾನೆಗೆ ಇಷ್ಟೆಲ್ಲ ಯಾಕಮ್ಮ" ಅಂದ. "ನಿಮ್ಮ ಮನಿಯಾಗಿಂದು ಕಟ್ಟಿದಾಕಿ ನಾನು," ಅಂದಳು. "ಅದು ವಾಲೈತೇನು?" ಅವನು ಮತ್ತೆ ಕಟ್ಟಿಸಿದ. ಒಂಬತ್ತು ಬಾಗಿಲು, ಒಳಗೆ ಗಟ್ಟಿ ಚಿಲಕ, ಮೇಲೆ ನೀರಿನ ಟ್ಯಾಂಕು. ಒಂದೂವರೆ ತಿಂಗಳಲ್ಲಿ ಎಲ್ಲ ಮುಗಿಯಿತು.

ಉದ್ಘಾಟನೆಗೆ ಶಾಮಿಯಾನ ಹಾಕಿದರು. ಜಿಲ್ಲೆಯಿಂದ ದೊಡ್ಡ ಅಧಿಕಾರಿ ಬಂದರು. ಬಾಗಿಲಿಗೆ ಅಡ್ಡಲಾಗಿ ಕೆಂಪು ಟೇಪು ಕಟ್ಟಿದ್ದರು. ಶಿವಶಂಕರಪ್ಪನವರು ಮೈಕು ಹಿಡಿದು, ಕ್ವಾರಿ ಗುಡ್ಡೆಯ ತಾಯಂದಿರ ಕಷ್ಟ ನೋಡಿ ತಮಗೆ ಎಷ್ಟೋ ದಿನದಿಂದ ನಿದ್ದೆ ಬಂದಿರಲಿಲ್ಲ ಎಂದು ಶುರುಮಾಡಿದರು. ಅದು ನಿಜವೇ, ಒಂದೂವರೆ ತಿಂಗಳಿಂದ ಬಂದಿರಲಿಲ್ಲ. ಭಾಷಣ ಇಪ್ಪತ್ತು ನಿಮಿಷ ದಾಟಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಬಸವಮ್ಮ ಕೋಲು ಊರಿ ಎದ್ದಳು. ಕುಂಟುತ್ತ ವೇದಿಕೆಯ ಎದುರಿನಿಂದಲೇ ನಡೆದಳು. ಯಾರೋ, "ಅಜ್ಜಿ, ಟೇಪು ಕಟ್ ಮಾಡಿಲ್ಲ" ಅಂದರು. ಅವಳು ಕೋಲಿನಿಂದ ಟೇಪು ಎತ್ತಿ ಕೆಳಗಿನಿಂದ ನುಸುಳಿ ಒಳಗೆ ಹೋದಳು. ಚಿಲಕ ಬಿದ್ದ ಸದ್ದು ಮೈಕಿನಲ್ಲೂ ಕೇಳಿಸಿತು.

ಹೆಂಗಸರು ನಕ್ಕರು. ಮೊದಲು ಒಬ್ಬಳು, ಆಮೇಲೆ ಎಲ್ಲರೂ. ಕತ್ತರಿಯಿದ್ದ ತಟ್ಟೆ ಹಿಡಿದ ಶ್ರೀವಾಣಿ ತಲೆ ತಗ್ಗಿಸಿದಳು. ಅವಳ ಭುಜ ಅಲುಗುತ್ತಿತ್ತು.

ದೊಡ್ಡ ಅಧಿಕಾರಿ ನಗು ತಡೆಯುತ್ತ ಹುಲಿಗೆಮ್ಮನ ಕಡೆ ಬಾಗಿ ಹಳೆಯ ಫೈಲು ತೆರೆದರು. ಅದೇ ಸ್ವಯಂಘೋಷಣೆ. "ಈಗಂತೂ ಸಹಿ ಹಾಕಬಹುದಲ್ಲ ಮೇಡಂ? ನೀವು ಕೇಳಿದ್ದೆಲ್ಲ ಆಯಿತು."

ಹುಲಿಗೆಮ್ಮ ಪೆನ್ನು ತೆಗೆದುಕೊಂಡಳು. ಶಾಮಿಯಾನದ ಕಂಬದಾಚೆ, ಗುಡ್ಡೆಯ ಇನ್ನೊಂದು ಮಗ್ಗುಲಲ್ಲಿ, ನೀಲಿ ಟಾರ್ಪಾಲಿನ ಹನ್ನೆರಡು ಡೇರೆಗಳು ಕಾಣುತ್ತಿದ್ದವು. ಹೋದ ತಿಂಗಳು ಕಾಫಿ ತೋಟದ ಕೆಲಸಕ್ಕೆಂದು ದೂರದ ಅಸ್ಸಾಮಿನಿಂದ ತಂದಿಳಿಸಿದ ಜನ. ಯಾವ ಪಟ್ಟಿಯಲ್ಲೂ ಇಲ್ಲದವರು. ಅಲ್ಲಿಂದ ಒಬ್ಬಳು ಹೆಂಗಸು, ಕೈಯಲ್ಲಿ ಪ್ಲಾಸ್ಟಿಕ್ ಬಾಟಲಿ ಹಿಡಿದು, ಇಷ್ಟು ಜನ ಯಾಕೆ ಸೇರಿದ್ದಾರೆ ಎಂದು ತಿಳಿಯದೆ, ಪೊದೆಯ ಕಡೆಗೂ ಹೋಗಲಾರದೆ, ಹಿಂದಕ್ಕೂ ಹೋಗಲಾರದೆ ನಿಂತಿದ್ದಳು.

ಹುಲಿಗೆಮ್ಮ ಫೈಲು ಮುಚ್ಚಿದಳು.

"ಸ್ವಲ್ಪ ತಡಕೋರಿ ಸಾಹೇಬ್ರ," ಅಂದಳು. "ಅಲ್ಲಿ ಇನ್ನೂ ಹನ್ನೆರಡು ಮನಿ ಅದಾವ."